ಆಟೋಮ್ಯಾಟಿಕ್ ಗೇರ್‌ಬಾಕ್ಸ್: ಶಿಫ್ಟ್ ಪ್ರೆಷರ್ ಟ್ಯೂನಿಂಗ್, ಗೇರ್ ಸ್ಲಿಪ್ ಪತ್ತೆ – ಪದೇ ಪದೇ ಕೇಳುವ ಪ್ರಶ್ನೆಗಳು

ಇಲ್ಲಿರುವುದೆಲ್ಲ ಜನರಲ್ ಮೋಟಾರ್ಸ್‌ನ 4ಎಲ್60ಇ ಗೇರ್‌ಬಾಕ್ಸ್ ಬಗ್ಗೆ. 1993ರಲ್ಲಿ ಬಂದ ಈ ನಾಲ್ಕು ಗೇರಿನ ಪೆಟ್ಟಿಗೆ ಷೆವರ್ಲೆ ಸಿಲ್ವರಾಡೋ, ತಾಹೋ, ಸಬರ್ಬನ್, ಕಮಾರೋ, ಕಾರ್ವೆಟ್ ಹೀಗೆ ಲಕ್ಷಾಂತರ ಗಾಡಿಗಳಲ್ಲಿ ಕೂತಿದೆ. ಅಮೆರಿಕದಲ್ಲಿ ಹಳೆ ಟ್ರಕ್ ಕೊಂಡು ವಾರಾಂತ್ಯದಲ್ಲಿ ಕೈ ಕೊಳೆ ಮಾಡಿಕೊಳ್ಳುವ ಕನ್ನಡಿಗರು ಕೇಳುವ ಪ್ರಶ್ನೆಗಳು ಹೆಚ್ಚಾಗಿ ಇದರ ಸುತ್ತಲೇ ಇರುತ್ತವೆ. ಊರಿನ ಕಾರುಗಳ ಬಗ್ಗೆಯೂ ಕೊನೆಯ ಕಡೆ ಸ್ವಲ್ಪ ಇದೆ.

ಗೇರ್ ಸ್ಲಿಪ್ ಆಗ್ತಿದೆ ಅಂತ ಗೊತ್ತಾಗೋದು ಹೇಗೆ?

ಎಂಜಿನ್ ಕೂಗುತ್ತದೆ, ಗಾಡಿ ಅಷ್ಟು ಮುಂದೆ ಹೋಗುವುದಿಲ್ಲ. ಇದು ಎಲ್ಲರಿಗೂ ಗೊತ್ತಾಗುವ ಲಕ್ಷಣ. ಆದರೆ ಅಷ್ಟು ಜೋರಾಗಿ ಗೊತ್ತಾಗುವ ಹೊತ್ತಿಗೆ ಕ್ಲಚ್ ಪ್ಲೇಟ್ ಅರ್ಧ ಸುಟ್ಟಿರುತ್ತದೆ. ಅದಕ್ಕೂ ಮುಂಚಿನ ಸೂಚನೆ ಗೇರ್ ಬದಲಾಗುವ ಆ ಒಂದು ಗಳಿಗೆಯಲ್ಲಿ ಸಿಗುತ್ತದೆ.

ಉದಾಹರಣೆಗೆ ಎರಡರಿಂದ ಮೂರಕ್ಕೆ ಹೋಗುವುದನ್ನು ನೋಡಿ. ಎರಡನೇ ಗೇರಿನ ಅನುಪಾತ 1.63, ಮೂರನೆಯದು ನೇರ 1.00. ಎಂಜಿನ್ 4000 ಆರ್‌ಪಿಎಂನಲ್ಲಿದ್ದಾಗ (ನಿಮಿಷಕ್ಕೆ 4000 ಸುತ್ತು) ಶಿಫ್ಟ್, ಅಂದರೆ ಗೇರ್ ಬದಲಾವಣೆ, ಆದರೆ ಮುಳ್ಳು ಸುಮಾರು 2450ಕ್ಕೆ ಇಳಿಯಬೇಕು. ಅರ್ಧ ಸೆಕೆಂಡಿನೊಳಗೆ, ಒಂದೇ ಓಟದಲ್ಲಿ. ಅದರ ಬದಲು ಮುಳ್ಳು ಮೊದಲು 4200, 4300ಕ್ಕೆ ಜಿಗಿದು ಆಮೇಲೆ ಇಳಿದರೆ ಅದನ್ನು ಫ್ಲೇರ್ ಅನ್ನುತ್ತಾರೆ. ಎರಡನೇ ಗೇರನ್ನು ಹಿಡಿದಿದ್ದ ಬ್ಯಾಂಡ್ (ಡ್ರಮ್ ಸುತ್ತ ಬಿಗಿಯುವ ಪಟ್ಟಿ) ಬಿಟ್ಟಿದೆ, ಮೂರನೆಯದನ್ನು ಹಿಡಿಯಬೇಕಾದ ಕ್ಲಚ್ ಇನ್ನೂ ಹಿಡಿದಿಲ್ಲ. ನಡುವೆ ಎಂಜಿನ್ ಲಂಗುಲಗಾಮಿಲ್ಲದೆ ತಿರುಗಿದೆ. ಜಿಗಿಯದೆ ನಿಧಾನಕ್ಕೆ ಜಾರುತ್ತ ಇಳಿದರೂ ಅನುಮಾನ ಪಡಬೇಕು. ಡ್ಯಾಶ್‌ಬೋರ್ಡಿನ ಮುಳ್ಳನ್ನೇ ನಂಬಬೇಡಿ, ಅದು ಸ್ವಲ್ಪ ಸೋಮಾರಿ. ಒಂದು ಸಾಧಾರಣ ಸ್ಕ್ಯಾನರ್ ಹಾಕಿ ಆರ್‌ಪಿಎಂ ರೆಕಾರ್ಡ್ ಮಾಡಿ, ಮನೆಗೆ ಬಂದು ಗ್ರಾಫ್ ನೋಡಿ.

ಒಳಗಿನ ಪ್ರೆಷರ್ ಎಷ್ಟಿರಬೇಕು ಅಂತ ನಿರ್ಧರಿಸೋದು ಯಾರು?

ಕಂಪ್ಯೂಟರ್. ಆದರೆ ಅದು ಪ್ರೆಷರ್ ಅಳೆಯುವುದಿಲ್ಲ. ಲೈನ್ ಪ್ರೆಷರ್, ಅಂದರೆ ಕ್ಲಚ್, ಬ್ಯಾಂಡ್‌ಗಳನ್ನು ಒತ್ತಿ ಹಿಡಿಯುವ ಆಯಿಲ್ ಒತ್ತಡ, ಅಳೆಯುವ ಸೆನ್ಸರೇ ಈ ಗೇರ್‌ಬಾಕ್ಸಿನಲ್ಲಿ ಇಲ್ಲ. ಇದೊಂದು ವಿಷಯ ತಲೆಗೆ ಹೋದರೆ ಅರ್ಧ ಗೊಂದಲ ಕಮ್ಮಿಯಾಗುತ್ತದೆ.

ಕಂಪ್ಯೂಟರ್ ಮಾಡುವುದು ಲೆಕ್ಕಾಚಾರ. ಎಂಜಿನ್ನಿಗೆ ಎಷ್ಟು ಗಾಳಿ ಹೋಗುತ್ತಿದೆ ಎಂದು ಏರ್‌ಫ್ಲೋ ಸೆನ್ಸರ್ ಹೇಳುತ್ತದೆ. ಅದರಿಂದ ಟಾರ್ಕ್ (ತಿರುಗಿಸುವ ಬಲ) ಎಷ್ಟಿರಬಹುದು ಎಂದು ಅಂದಾಜು ಮಾಡುತ್ತದೆ. ಆ ಟಾರ್ಕಿಗೆ ಇಷ್ಟು ಪ್ರೆಷರ್ ಬೇಕು ಎಂದು ಟೇಬಲ್ ನೋಡಿ ಪ್ರೆಷರ್ ಕಂಟ್ರೋಲ್ ಸಾಲೆನಾಯ್ಡ್‌ಗೆ (ಕರೆಂಟಿನಿಂದ ನಡೆಯುವ ವಾಲ್ವ್) ಕರೆಂಟ್ ಕಳಿಸುತ್ತದೆ. ಇಲ್ಲಿ ಉಲ್ಟಾ ಲೆಕ್ಕ: ಕರೆಂಟ್ ಜಾಸ್ತಿಯಾದಷ್ಟೂ ಪ್ರೆಷರ್ ಕಮ್ಮಿ. 1.1 ಆಂಪ್ ಹತ್ತಿರ ಹೋದರೆ ಅತಿ ಕಡಿಮೆ, ಸೊನ್ನೆ ಆಂಪ್ ಆದರೆ ಪೂರ್ತಿ ಪ್ರೆಷರ್. ಬೇಕೆಂದೇ ಹೀಗೆ ಮಾಡಿದ್ದಾರೆ. ದಾರಿಯಲ್ಲಿ ವೈರ್ ತುಂಡಾದರೆ ಪ್ರೆಷರ್ ತಾನಾಗಿ ಮೇಲಕ್ಕೆ ಹೋಗುತ್ತದೆ. ಶಿಫ್ಟ್ ಗುದ್ದುತ್ತದೆ ನಿಜ, ಕ್ಲಚ್ ಉಳಿಯುತ್ತದೆ.

ಇದರಿಂದ ಹುಟ್ಟುವ ತೊಂದರೆ ಏನು ಗೊತ್ತಾ? ಏರ್‌ಫ್ಲೋ ಸೆನ್ಸರಿನ ತಂತಿ ಕೊಳೆಯಾಗಿ ಕಡಿಮೆ ಗಾಳಿ ತೋರಿಸಿದರೆ, ಕಂಪ್ಯೂಟರ್ ಟಾರ್ಕನ್ನೂ ಕಡಿಮೆ ಅಂದುಕೊಳ್ಳುತ್ತದೆ, ಪ್ರೆಷರನ್ನೂ ಕಡಿಮೆ ಕೊಡುತ್ತದೆ. ಗೇರ್‌ಬಾಕ್ಸ್ ಚೆನ್ನಾಗಿಯೇ ಇದ್ದು ಸ್ಲಿಪ್ ಶುರುವಾಗುತ್ತದೆ. ದೊಡ್ಡ ಏರ್ ಇನ್‌ಟೇಕ್ ಹಾಕಿಸಿ ಸೆನ್ಸರ್ ಟೇಬಲ್ ಸರಿಮಾಡದೆ ಬಿಟ್ಟವರ ಗಾಡಿಯಲ್ಲೂ ಇದೇ ಕಥೆ. ಗೇರ್‌ಬಾಕ್ಸ್ ಬಿಚ್ಚುವ ಮುಂಚೆ ಏರ್‌ಫ್ಲೋ ಸೆನ್ಸರನ್ನು ಅದಕ್ಕೆಂದೇ ಇರುವ ಕ್ಲೀನರ್ ಸ್ಪ್ರೇಯಿಂದ ತೊಳೆಯಿರಿ. ಖರ್ಚು ಒಂದು ಊಟದಷ್ಟೂ ಆಗುವುದಿಲ್ಲ.

ಸ್ಲಿಪ್ ಇದೆ. ಟ್ಯೂನಿಂಗಲ್ಲಿ ಪ್ರೆಷರ್ ಏರಿಸಿಬಿಟ್ರೆ ಆಯ್ತಲ್ವಾ?

ಆಗುವುದಿಲ್ಲ. ಈ ಪ್ರಶ್ನೆಗೆ ಬೇರೆ ಉತ್ತರ ಕೊಡುವವರನ್ನು ನಂಬಬೇಡಿ.

ಪ್ಲೇಟಿನ ಮೇಲಿನ ಲೈನಿಂಗ್ ಸುಟ್ಟು ನಯವಾಗಿದ್ದರೆ ಎಷ್ಟು ಒತ್ತಿದರೂ ಅದು ಹೊಸದರಂತೆ ಹಿಡಿಯುವುದಿಲ್ಲ. ಪಿಸ್ಟನ್ ಸೀಲ್ ಗಟ್ಟಿಯಾಗಿ ಸೋರುತ್ತಿದ್ದರೆ, ಜಾಸ್ತಿ ಒತ್ತಡದಲ್ಲಿ ಜಾಸ್ತಿ ಸೋರುತ್ತದೆ. ಪ್ರೆಷರ್ ಏರಿಸಿದ ಮೊದಲ ವಾರ ‘ಆಹಾ, ಸರಿಹೋಯ್ತು’ ಅನಿಸುತ್ತದೆ. ರೋಗ ಹಾಗೇ ಇರುತ್ತದೆ, ಲಕ್ಷಣ ಮಾತ್ರ ಮುಚ್ಚಿಹೋಗುತ್ತದೆ. ಆಮೇಲೆ ಒಂದು ದಿನ ಹೈವೇಯಲ್ಲಿ ಮೂರನೇ ಗೇರೇ ಇಲ್ಲ.

ಪ್ರೆಷರ್ ಟ್ಯೂನಿಂಗ್ ಇರುವುದು ಆರೋಗ್ಯವಾಗಿರುವ ಗೇರ್‌ಬಾಕ್ಸಿಗೆ. ಎಂಜಿನ್ ಪವರ್ ಜಾಸ್ತಿ ಮಾಡಿಸಿದ್ದೀರಿ, ಭಾರದ ಟ್ರೇಲರ್ ಎಳೆಯುತ್ತೀರಿ, ಹೊಸದಾಗಿ ರೀಬಿಲ್ಡ್ ಮಾಡಿಸಿದ್ದೀರಿ. ಅಂಥ ಕಡೆ ಅದು ನಿಜವಾಗಿಯೂ ಉಪಯೋಗ.

ಹಾಗಾದ್ರೆ ಮೊದಲು ನೋಡಬೇಕಾದ್ದೇನು?

ಆಯಿಲ್. ಗಾಡಿ ಸಮತಟ್ಟು ಜಾಗದಲ್ಲಿರಲಿ, ಎಂಜಿನ್ ಓಡುತ್ತಿರಲಿ, ಪಾರ್ಕ್‌ನಲ್ಲಿರಲಿ, ಗೇರ್‌ಬಾಕ್ಸ್ ಬಿಸಿಯಾಗಿರಲಿ. ಎಂಜಿನ್ ಆಫ್ ಮಾಡಿ ನೋಡಿದ ಲೆವೆಲ್ ಲೆಕ್ಕಕ್ಕೆ ಬರುವುದಿಲ್ಲ. ಲೆವೆಲ್ ಕಮ್ಮಿ ಇದ್ದರೆ ಪಂಪ್ ಗಾಳಿ ಎಳೆದುಕೊಳ್ಳುತ್ತದೆ. ತಿರುವಿನಲ್ಲಿ, ಏರಿನಲ್ಲಿ ಸ್ಲಿಪ್ ಆಗಿ ನೇರ ರಸ್ತೆಯಲ್ಲಿ ಸರಿ ಇದ್ದರೆ ಇದನ್ನೇ ಮೊದಲು ಅನುಮಾನಿಸಿ. ಆಯಿಲ್ ಜಾಸ್ತಿ ಹಾಕುವುದೂ ತಪ್ಪು. ನೊರೆ ಬಂದು ಅದೇ ತೊಂದರೆ ಕೊಡುತ್ತದೆ.

ಆಮೇಲೆ ಡಿಪ್‌ಸ್ಟಿಕ್‌ನಿಂದ ಎರಡು ಹನಿ ಬಿಳಿ ಟಿಶ್ಯೂ ಮೇಲೆ ಬಿಡಿ. ಚೆನ್ನಾಗಿರುವ ಆಯಿಲ್ ಕೆಂಪಗೆ ಅಥವಾ ತಿಳಿ ಕಂದಾಗಿ ಸಮವಾಗಿ ಹರಡುತ್ತದೆ. ಕಪ್ಪಗಿದ್ದು, ನಡುವೆ ಮಸಿಯಂಥ ಚುಕ್ಕೆ ನಿಂತು, ಸುತ್ತ ಮಾತ್ರ ಎಣ್ಣೆ ಹರಡಿದರೆ ಆ ಮಸಿ ಕ್ಲಚ್ ಪ್ಲೇಟಿನ ಪುಡಿ. ಮೂಗಿನ ಹತ್ತಿರ ಹಿಡಿಯಿರಿ. ಸುಟ್ಟ ವಾಸನೆ ಒಮ್ಮೆ ಬಂದರೆ ಮತ್ತೆ ಮರೆಯುವುದಿಲ್ಲ. ಗುಲಾಬಿ ಬಣ್ಣದ ಮಿಲ್ಕ್‌ಶೇಕ್ ತರಹ ಇದ್ದರೆ ರೇಡಿಯೇಟರ್ ಒಳಗಿನ ಕೂಲರ್ ತೂತಾಗಿ ನೀರು ಸೇರಿದೆ. ಆಗ ಗಾಡಿ ಸ್ಟಾರ್ಟೇ ಮಾಡಬೇಡಿ.

ಯಾವ ಗೇರಲ್ಲಿ ಸ್ಲಿಪ್ ಆದ್ರೆ ಯಾವ ಭಾಗ ಹೋಗಿದೆ ಅಂತ ಹೇಳಬಹುದಾ?

ಬಹುಮಟ್ಟಿಗೆ ಹೇಳಬಹುದು. ಈ ಗೇರ್‌ಬಾಕ್ಸಿನಲ್ಲಿ ಪ್ರತಿ ಗೇರನ್ನೂ ಬೇರೆ ಬೇರೆ ಕ್ಲಚ್, ಬ್ಯಾಂಡ್ ಸೇರಿಕೊಂಡು ಹಿಡಿಯುತ್ತವೆ. ಯಾವ ಯಾವ ಗೇರ್ ಒಟ್ಟಿಗೆ ಹೋಗಿವೆ ನೋಡಿದರೆ ಅವೆರಡಕ್ಕೂ ಸೇರಿದ ಭಾಗ ಸಿಕ್ಕಿಬೀಳುತ್ತದೆ.

ಮೂರು, ನಾಲ್ಕು ಎರಡೂ ಇಲ್ಲ, ಒಂದು ಮತ್ತು ಎರಡು ಚೆನ್ನಾಗಿವೆ: ಮೂರು-ನಾಲ್ಕರ ಕ್ಲಚ್. 4ಎಲ್60ಇ ಬಿಚ್ಚಿದವರು ಮತ್ತೆ ಮತ್ತೆ ನೋಡುವುದು ಇದನ್ನೇ. ಈ ಕ್ಲಚ್ ಪ್ಯಾಕ್ ಈ ಪೆಟ್ಟಿಗೆಯ ಹುಟ್ಟು ದೌರ್ಬಲ್ಯ. ಕೆಲವೊಮ್ಮೆ ಮೂರನೆಯದರಲ್ಲಿ ನಿಧಾನಕ್ಕೆ ಓಡಿಸಿದರೆ ಹಿಡಿಯುತ್ತದೆ, ಆಕ್ಸಿಲರೇಟರ್ ಒತ್ತಿದರೆ ಜಾರುತ್ತದೆ.

ಎರಡು ಮತ್ತು ನಾಲ್ಕು ಇಲ್ಲ, ರಿವರ್ಸ್ ಇದೆ: ಎರಡು-ನಾಲ್ಕರ ಬ್ಯಾಂಡ್ ಅಥವಾ ಅದನ್ನು ಒತ್ತುವ ಸರ್ವೋ.

ಎರಡು, ನಾಲ್ಕು, ರಿವರ್ಸ್ ಮೂರೂ ಒಟ್ಟಿಗೆ ಇಲ್ಲ: ಸನ್ ಶೆಲ್. ತೆಳ್ಳಗಿನ ಡ್ರಮ್ ತರಹದ ಭಾಗ, ಅದರ ಹಲ್ಲು ಸವೆದು ಕಿತ್ತುಬರುತ್ತದೆ ಅಥವಾ ಕತ್ತು ಒಡೆಯುತ್ತದೆ. ಇದು ಆದಾಗ ಸ್ಲಿಪ್ ಅನ್ನುವುದಕ್ಕಿಂತ ‘ಇದ್ದಕ್ಕಿದ್ದಂತೆ ನ್ಯೂಟ್ರಲ್ ಆಯ್ತು’ ಅನಿಸುತ್ತದೆ. ಪ್ರೆಷರ್ ಕಮ್ಮಿಯಾಗಿ ಬರುವ ತೊಂದರೆ ಇದಲ್ಲ. ಯಾವ ಟ್ಯೂನಿಂಗೂ ಇದನ್ನು ಸರಿಮಾಡದು.

ಎಲ್ಲ ಗೇರಲ್ಲೂ, ರಿವರ್ಸಲ್ಲೂ ಸ್ಲಿಪ್: ಒಂದೇ ಕ್ಲಚ್ ಅಲ್ಲ, ಪ್ರೆಷರೇ ಹುಟ್ಟುತ್ತಿಲ್ಲ. ಆಯಿಲ್ ಲೆವೆಲ್, ಫಿಲ್ಟರ್, ಪಂಪ್, ಪ್ರೆಷರ್ ರೆಗ್ಯುಲೇಟರ್ ವಾಲ್ವ್ ಕಡೆ ನೋಡಿ.

ಪಿ1870 ಕೋಡ್ ಬಂದಿದೆ. ಮೆಕ್ಯಾನಿಕ್ ‘ಇಡೀ ಗೇರ್‌ಬಾಕ್ಸ್ ಬದಲಿಸಿ’ ಅಂತಿದ್ದಾರೆ.

ತಡೆಯಿರಿ. ಗಾಡಿಯ ಕಂಪ್ಯೂಟರ್ ತೋರಿಸುವ ಈ ದೋಷದ ಕೋಡಿನ ವಿವರಣೆ ‘ಟ್ರಾನ್ಸ್‌ಮಿಷನ್ ಭಾಗ ಸ್ಲಿಪ್ ಆಗುತ್ತಿದೆ’ ಎಂದಿರುತ್ತದೆ. ಓದಿದರೆ ಎದೆ ಧಸಕ್ ಅನ್ನುತ್ತದೆ. ಆದರೆ ಹೆಚ್ಚಿನ ಸಲ ಸ್ಲಿಪ್ ಆಗುತ್ತಿರುವುದು ಗೇರ್ ಅಲ್ಲ, ಟಾರ್ಕ್ ಕನ್ವರ್ಟರಿನ (ಎಂಜಿನ್ ತಿರುಗುವುದನ್ನು ಆಯಿಲ್ ಮೂಲಕ ಗೇರ್‌ಬಾಕ್ಸಿಗೆ ದಾಟಿಸುವ ಭಾಗ) ಲಾಕಪ್ ಕ್ಲಚ್, ಅಂದರೆ ಎಂಜಿನ್ನನ್ನೂ ಗೇರ್‌ಬಾಕ್ಸನ್ನೂ ನೇರವಾಗಿ ಬೆಸೆಯುವ ಕ್ಲಚ್. ಅದೂ ಕ್ಲಚ್ ಹಾಳಾಗಿದ್ದಕ್ಕಲ್ಲ. ವಾಲ್ವ್ ಬಾಡಿಯಲ್ಲಿ (ಆಯಿಲ್ ದಾರಿಗಳೂ ವಾಲ್ವ್‌ಗಳೂ ಇರುವ ಅಲ್ಯೂಮಿನಿಯಂ ಭಾಗ) ಲಾಕಪ್ ಪ್ರೆಷರ್ ನಿಯಂತ್ರಿಸುವ ಒಂದು ವಾಲ್ವ್ ಇದೆ. ಸಾಲೆನಾಯ್ಡ್ ಅದನ್ನು ಸದಾ ಅದುರಿಸುತ್ತಲೇ ಇರುತ್ತದೆ. ವರ್ಷಗಟ್ಟಲೆ ಅದುರಿ ಅದುರಿ ಅಲ್ಯೂಮಿನಿಯಂ ತೂತು ಸವೆದು ಅಗಲವಾಗುತ್ತದೆ. ಆಯಿಲ್ ತಣ್ಣಗಿದ್ದಾಗ ದಪ್ಪ, ಅಷ್ಟಾಗಿ ಸೋರುವುದಿಲ್ಲ. ಹೈವೇಯಲ್ಲಿ ಬಿಸಿಯಾಗಿ ತೆಳ್ಳಗಾದ ಮೇಲೆ ಸೋರುತ್ತದೆ. ಅದಕ್ಕೇ ಈ ತೊಂದರೆ ಮನೆ ಹತ್ತಿರ ಓಡಾಡುವಾಗ ಕಾಣುವುದಿಲ್ಲ.

ಕೋಡ್ ಬಂದ ಮೇಲೆ ಕಂಪ್ಯೂಟರ್ ಲಾಕಪ್ ನಿಲ್ಲಿಸುತ್ತದೆ, ಪ್ರೆಷರ್ ಏರಿಸುತ್ತದೆ. ಆಗ ಒಂದರಿಂದ ಎರಡಕ್ಕೆ ಹೋಗುವಾಗ ಹಿಂದಿನಿಂದ ಯಾರೋ ಗುದ್ದಿದಂತಾಗುತ್ತದೆ. ಜನ ಬರುವುದು ಈ ಗುದ್ದಿನ ದೂರು ಹಿಡಿದುಕೊಂಡು, ಸ್ಲಿಪ್ ಅಂತಲ್ಲ. ಆ ತೂತನ್ನು ಕೊರೆದು ದಪ್ಪ ವಾಲ್ವ್ ಕೂರಿಸುವ ರಿಪೇರಿ ಸಾಮಾನು ಸಿಗುತ್ತದೆ, ಇಲ್ಲವೇ ವಾಲ್ವ್ ಬಾಡಿಯನ್ನೇ ಬದಲಿಸಬಹುದು. ಎರಡನ್ನೂ ಪ್ಯಾನ್ (ತಳದ ಆಯಿಲ್ ತಟ್ಟೆ) ಇಳಿಸಿ ಗಾಡಿಯ ಕೆಳಗಿನಿಂದಲೇ ಮಾಡಬಹುದು. ಗೇರ್‌ಬಾಕ್ಸ್ ಇಳಿಸಬೇಕಿಲ್ಲ.

ಸ್ಲಿಪ್ ಆಗ್ತಿರೋದು ಕನ್ವರ್ಟರಾ, ಗೇರಾ? ಹೇಗೆ ಬೇರೆ ಮಾಡೋದು?

ಹಳೆ 4ಎಲ್60ಇಗಳಲ್ಲಿ ಗೇರ್‌ಬಾಕ್ಸಿನ ಒಳಶಾಫ್ಟ್ ವೇಗ ಅಳೆಯುವ ಸೆನ್ಸರ್ ಇಲ್ಲ. ಎಂಜಿನ್ ವೇಗ ಗೊತ್ತು, ಹೊರಶಾಫ್ಟ್ ವೇಗ ಗೊತ್ತು. ನಡುವೆ ಎಲ್ಲಿ ಜಾರಿತು ಎಂದು ಕಂಪ್ಯೂಟರಿಗೆ ಗೊತ್ತಾಗುವುದಿಲ್ಲ. ನಾವೇ ಲೆಕ್ಕ ಹಾಕಬೇಕು.

ಒಂದು ಟ್ರಕ್ ತೆಗೆದುಕೊಳ್ಳೋಣ. ಆಕ್ಸಲ್ ಅನುಪಾತ 3.73, ಟೈರ್ 245/75 ಆರ್16. ಗಂಟೆಗೆ 100 ಕಿ.ಮೀ. ವೇಗದಲ್ಲಿ ಚಕ್ರ ನಿಮಿಷಕ್ಕೆ ಸುಮಾರು 705 ಸುತ್ತು ತಿರುಗುತ್ತದೆ. 3.73ರಿಂದ ಗುಣಿಸಿದರೆ ಹೊರಶಾಫ್ಟ್ ವೇಗ ಸುಮಾರು 2630. ನಾಲ್ಕನೇ ಗೇರ್ 0.70. ಲಾಕಪ್ ಪೂರ್ತಿ ಹಿಡಿದಿದ್ದರೆ ಎಂಜಿನ್ 1830-1840ರ ಆಸುಪಾಸಿನಲ್ಲಿರಬೇಕು. ಲಾಕಪ್ ಆಜ್ಞೆ ಹೋಗಿದ್ದೂ ಎಂಜಿನ್ 2100 ತೋರಿಸುತ್ತಿದೆಯೆಂದರೆ 260-270 ಸುತ್ತು ಎಲ್ಲೋ ಕಳೆದುಹೋಗುತ್ತಿದೆ.

ಈಗ ಅದೇ ಟ್ರಕ್ಕನ್ನು ಅದೇ ವೇಗದಲ್ಲಿ ಮೂರನೇ ಗೇರಿಗೆ ಇಳಿಸಿ, ಲಾಕಪ್ ಹಾಕಿಸಿ ನೋಡಿ. ಹೊರಶಾಫ್ಟ್ ವೇಗ, ಎಂಜಿನ್ ವೇಗ ಸಮವಾದರೆ ಲಾಕಪ್ ಆರೋಗ್ಯವಾಗಿದೆ. ತಪ್ಪು ನಾಲ್ಕನೇ ಗೇರಿಗೆ ಮಾತ್ರ ಬೇಕಾದದ್ದರಲ್ಲಿ, ಅಂದರೆ ಬ್ಯಾಂಡಿನ ಕಡೆ ಇರಬಹುದು. ಎರಡೂ ಗೇರಿನಲ್ಲಿ ಅಷ್ಟೇ ಜಾರಿದರೆ ಲಾಕಪ್ ಕಡೆ ಬೆರಳು ತೋರಿಸಿ, ಮೂರು-ನಾಲ್ಕರ ಕ್ಲಚ್ಚನ್ನೂ ಪೂರ್ತಿ ಬಿಟ್ಟುಬಿಡಬೇಡಿ. ಆ ಅನುಮಾನ ತೀರಿಸಲು ಮೇಲೆ ಹೇಳಿದ ಎರಡು-ಮೂರರ ಶಿಫ್ಟ್ ಗ್ರಾಫ್ ಇದೆ. ಅಲ್ಲಿ ಫ್ಲೇರ್ ಇಲ್ಲದಿದ್ದರೆ ಕ್ಲಚ್ ಬಚಾವ್.

ಪ್ರೆಷರ್ ಗೇಜ್ ಹಾಕೋದು ಅಗತ್ಯನಾ?

ನನ್ನ ಮಟ್ಟಿಗೆ ಗೇಜ್ ಹಾಕದೆ ಪ್ರೆಷರ್ ಟ್ಯೂನಿಂಗ್ ಶುರುಮಾಡುವುದು ಕತ್ತಲಲ್ಲಿ ಕಲ್ಲು ಹೊಡೆದಂತೆ. ಕಷ್ಟದ ಕೆಲಸವೂ ಅಲ್ಲ. ಗೇರ್‌ಬಾಕ್ಸಿನ ಎಡಬದಿಯಲ್ಲಿ, ಗೇರ್ ಲಿವರ್ ಬಂದು ಸೇರುವ ಜಾಗದ ಹತ್ತಿರ ಒಂದು ಚಿಕ್ಕ ಪ್ಲಗ್ ಇದೆ. 1/8 ಇಂಚಿನ ಪೈಪ್ ತ್ರೆಡ್. ಅದನ್ನು ಬಿಚ್ಚಿ ಗೇಜಿನ ಹೋಸ್ ಹಾಕಬೇಕು. ಗೇಜ್ ಕನಿಷ್ಠ 300 ಪಿಎಸ್‌ಐ (ಒತ್ತಡದ ಅಳತೆ) ತೋರಿಸುವಂಥದ್ದಿರಲಿ, 400 ಆದರೆ ಇನ್ನೂ ಒಳ್ಳೆಯದು. ರಿವರ್ಸ್‌ನಲ್ಲಿ ಪ್ರೆಷರ್ ಬಹಳ ಮೇಲಕ್ಕೆ ಹೋಗುತ್ತದೆ. ಹೋಸ್ ಎಕ್ಸಾಸ್ಟ್ ಪೈಪಿಗೆ ತಾಗದಂತೆ ಕಟ್ಟಿ. ಬಿಸಿ ಆಯಿಲ್ ಎಕ್ಸಾಸ್ಟ್ ಮೇಲೆ ಚಿಮ್ಮಿದರೆ ಬೆಂಕಿ ಹತ್ತುತ್ತದೆ.

ಎಂಜಿನ್, ಗೇರ್‌ಬಾಕ್ಸ್ ಬಿಸಿಯಾದ ಮೇಲೆ ಪಾರ್ಕ್‌ನಲ್ಲಿಟ್ಟು, ಸ್ಕ್ಯಾನರಿನಿಂದ ಸಾಲೆನಾಯ್ಡ್ ಕರೆಂಟನ್ನು 0.1 ಆಂಪ್‌ನಂತೆ ಬದಲಿಸುತ್ತ ಬನ್ನಿ. ಸೊನ್ನೆಯ ಹತ್ತಿರ 170ರಿಂದ 190 ಪಿಎಸ್‌ಐ. 0.5 ಆಂಪ್‌ನಲ್ಲಿ 140ರಿಂದ 160. 0.8ರಲ್ಲಿ 90ರಿಂದ 115. ಒಂದು ಆಂಪ್ ಹತ್ತಿರ 55ರಿಂದ 65. ಇಷ್ಟಿಷ್ಟೇ ಇಳಿಯುತ್ತ ಬರಬೇಕು. ಮುಳ್ಳು ನಡುಗಬಾರದು, ಒಂದು ಕಡೆ ಸಿಕ್ಕಿಕೊಂಡು ಆಮೇಲೆ ಧಡಕ್ಕನೆ ಬೀಳಬಾರದು. ಹಾಗಾದರೆ ರೆಗ್ಯುಲೇಟರ್ ವಾಲ್ವ್ ಅಥವಾ ಅದನ್ನು ತಳ್ಳಿ ಪ್ರೆಷರ್ ಏರಿಸುವ ಬೂಸ್ಟ್ ವಾಲ್ವ್ ತೂತಿನಲ್ಲಿ ಅಂಟುತ್ತಿದೆ.

ಓದುವುದು ಹೀಗೆ. ಪೂರ್ತಿ ಕೊಟ್ಟರೂ ಮೇಲೆ ಹೋಗದಿದ್ದರೆ ಪಂಪ್, ಫಿಲ್ಟರ್ ಸೀಲ್, ಬೂಸ್ಟ್ ವಾಲ್ವ್. ಪಾರ್ಕ್‌ನಲ್ಲಿ ಸರಿಯಿದ್ದು ಒಂದು ನಿರ್ದಿಷ್ಟ ಗೇರ್ ಬಿದ್ದಾಗ ಮಾತ್ರ ಕುಸಿದರೆ ಆ ಗೇರಿನ ದಾರಿಯಲ್ಲಿ ಸೋರಿಕೆ. ಸಣ್ಣ ಸೋರಿಕೆಯಾದರೆ ಪಂಪೇ ತುಂಬಿಕೊಡುತ್ತದೆ, ಗೇಜಿನಲ್ಲಿ ಕಾಣದೆಯೂ ಇರಬಹುದು. ಪ್ರೆಷರ್ ಎಲ್ಲ ಕಡೆ ಚೆನ್ನಾಗಿದ್ದೂ ಸ್ಲಿಪ್ ಆಗುತ್ತಿದ್ದರೆ? ಪ್ಲೇಟ್ ಮುಗಿದಿದೆ. ಸಾಫ್ಟ್‌ವೇರ್ ಮುಚ್ಚಿಡಿ.

ಸಾಲೆನಾಯ್ಡಿನ ರೆಸಿಸ್ಟೆನ್ಸ್ ಕೂಡ ನೋಡಿಬಿಡಿ. ತಣ್ಣಗಿದ್ದಾಗ 3ರಿಂದ 5 ಓಮ್ ಇರಬೇಕು.

ಎಲ್ಲ ಸರಿಯಿದೆ. ಈಗ ಸಾಫ್ಟ್‌ವೇರಲ್ಲಿ ಎಲ್ಲಿಂದ ಶುರು ಮಾಡಲಿ?

ಗಾಡಿಯ ಕಂಪ್ಯೂಟರಿನ ಟೇಬಲ್ ಬದಲಿಸುವ ಸಾಫ್ಟ್‌ವೇರ್ ಎಚ್‌ಪಿ ಟ್ಯೂನರ್ಸ್, ಇಎಫ್‌ಐ ಲೈವ್ ಯಾವುದೇ ಆಗಲಿ, ಮೊದಲು ಕಂಪನಿಯ ಮೂಲ ಫೈಲನ್ನು ಓದಿ ಎರಡು ಕಡೆ ಉಳಿಸಿಡಿ. ಆಮೇಲೆ ಏರ್‌ಫ್ಲೋ ಲೆಕ್ಕ ಸರಿಮಾಡಿ. ಟಾರ್ಕ್ ಅಂದಾಜೇ ತಪ್ಪಿದ್ದರೆ ಮಿಕ್ಕಿದ್ದೆಲ್ಲ ತಪ್ಪಿನ ಮೇಲೆ ತಪ್ಪು.

ಪ್ರೆಷರ್ ಟೇಬಲ್ ಟಾರ್ಕಿನ ಲೆಕ್ಕದಲ್ಲಿ, ಪ್ರತಿ ಶಿಫ್ಟಿಗೂ ಬೇರೆ ಬೇರೆ ಇರುತ್ತದೆ. ಅಲ್ಲಿ ಕಾಣುವ ಸಂಖ್ಯೆಯೂ ಗೇಜಿನ ಸಂಖ್ಯೆಯೂ ತಾಳೆಯಾಗುವುದಿಲ್ಲ, ಗಾಬರಿಯಾಗಬೇಡಿ. ಟೇಬಲ್ ಹೇಳುವುದು ಸಾಲೆನಾಯ್ಡ್ ಕಡೆಯ ಚಿಕ್ಕ ಪ್ರೆಷರ್, ಗೇಜ್ ತೋರಿಸುವುದು ಅದು ಬೂಸ್ಟ್ ವಾಲ್ವ್ ತಳ್ಳಿದ ಮೇಲೆ ಹುಟ್ಟುವ ಲೈನ್ ಪ್ರೆಷರ್.

ಬದಲಾವಣೆ ಮಧ್ಯಮ ಮತ್ತು ಜಾಸ್ತಿ ಟಾರ್ಕಿನ ಕಡೆ ಮಾತ್ರ ಮಾಡಿ. ಒಮ್ಮೆಗೆ ಶೇಕಡ 5ರಿಂದ 10, ಅದಕ್ಕಿಂತ ಜಾಸ್ತಿ ಬೇಡ. ಒಂದೊಂದೇ ಶಿಫ್ಟ್ ತೆಗೆದುಕೊಳ್ಳಿ. ಕೆಳಗಿನ ಕಡೆ, ಅಂದರೆ ಸಿಗ್ನಲ್‌ನಿಂದ ಮೆಲ್ಲಗೆ ಹೊರಡುವ ಜಾಗವನ್ನು ಕಂಪನಿ ಬಿಟ್ಟಂತೆಯೇ ಬಿಡಿ. ಎಲ್ಲ ಕೋಶಕ್ಕೂ ಗರಿಷ್ಠ ಸಂಖ್ಯೆ ತುಂಬಿ ‘ರೇಸ್ ಟ್ಯೂನ್’ ಅಂತ ಮಾರುವವರಿದ್ದಾರೆ. ಅಂಥ ಗಾಡಿ ಪಾರ್ಕಿಂಗ್ ಜಾಗದಲ್ಲೂ ತಲೆ ಕುಕ್ಕುತ್ತದೆ, ಸನ್ ಶೆಲ್ ಬೇಗ ಒಡೆಯುತ್ತದೆ, ಪಂಪ್ ಸದಾ ಪೂರ್ತಿ ಹೊರೆಯಲ್ಲಿ ಓಡಿ ಆಯಿಲ್ ಬಿಸಿಮಾಡುತ್ತದೆ.

ಅಪೇಕ್ಷಿತ ಶಿಫ್ಟ್ ಸಮಯದ ಟೇಬಲ್ ಜೊತೆಗೇ ನೋಡಿ. ಇದನ್ನು ಬಹಳ ಜನ ಮರೆಯುತ್ತಾರೆ. ಕಂಪ್ಯೂಟರ್ ಪ್ರತಿ ಶಿಫ್ಟ್ ಎಷ್ಟು ಹೊತ್ತು ತೆಗೆದುಕೊಂಡಿತು ಎಂದು ಅಳೆದು, ಈ ಟೇಬಲ್ಲಿಗೆ ಹೋಲಿಸಿ, ಪ್ರೆಷರನ್ನು ಚೂರು ಚೂರೇ ಸರಿಮಾಡಿಕೊಳ್ಳುತ್ತದೆ. ಅದೇ ಅಡಾಪ್ಟ್. ನೀವು ಪ್ರೆಷರ್ ಏರಿಸಿ ಶಿಫ್ಟ್ ಸಮಯ ಹಳೆಯದೇ ಬಿಟ್ಟರೆ, ‘ಅರೆ, ಬೇಗ ಆಯಿತಲ್ಲ’ ಎಂದು ಅದು ನೀವು ಏರಿಸಿದ್ದನ್ನು ಇಳಿಸುತ್ತ ಬರುತ್ತದೆ. ಬರೆದ ಮೇಲೆ ಅಡಾಪ್ಟ್ ರೀಸೆಟ್ ಮಾಡಿ, ಬಿಸಿ ಗಾಡಿಯಲ್ಲಿ ರೆಕಾರ್ಡ್ ಮಾಡಿ, ಮತ್ತೆ ನೋಡಿ.

ಅಡಾಪ್ಟ್ ಸಂಖ್ಯೆಗಳೇ ಒಳ್ಳೆಯ ಡಾಕ್ಟರ್ ಕೂಡ. ಟ್ಯೂನ್ ಮಾಡದ ಗಾಡಿಯಲ್ಲಿ ಒಂದು ಶಿಫ್ಟಿಗೆ ಮಾತ್ರ ಅಡಾಪ್ಟ್ ಗರಿಷ್ಠಕ್ಕೆ ಹೋಗಿ ನಿಂತಿದ್ದರೆ, ಕಂಪ್ಯೂಟರ್ ಆಗಲೇ ಸ್ಲಿಪ್ ಗಮನಿಸಿ ತನ್ನ ಕೈಲಾದಷ್ಟೂ ಪ್ರೆಷರ್ ಕೊಟ್ಟಾಗಿದೆ. ಇನ್ನು ನೀವು ಏರಿಸಲು ಉಳಿದಿಲ್ಲ.

ಶಿಫ್ಟ್ ಆಗುವಾಗ ಪವರ್ ಕಮ್ಮಿ ಮಾಡುತ್ತಲ್ಲ, ಅದನ್ನು ತೆಗೆದುಬಿಡಲಾ?

ಪೂರ್ತಿ ತೆಗೆಯಬೇಡಿ. ಶಿಫ್ಟಿನ ಹೊತ್ತಿಗೆ ಸ್ಪಾರ್ಕ್ ಹಿಂದಕ್ಕೆ ಎಳೆದು ಟಾರ್ಕ್ ತಗ್ಗಿಸುವುದು ಕ್ಲಚ್ಚಿನ ಮೇಲಿನ ಬಿಸಿ ಕಡಿಮೆಯಾಗಲಿ ಅಂತ. ಸ್ವಲ್ಪ ತಗ್ಗಿಸಬಹುದು. ಸೊನ್ನೆ ಮಾಡಿದರೆ ಮೂರು-ನಾಲ್ಕರ ಕ್ಲಚ್ ಅದರ ಬಿಲ್ ಕಳಿಸುತ್ತದೆ.

ಶಿಫ್ಟ್ ಕಿಟ್, ಕಾರ್ವೆಟ್ ಸರ್ವೋ ಹಾಕಿಸಬಹುದಾ?

ಹಾಕಿಸಬಹುದು. ಶಿಫ್ಟ್ ಕಿಟ್ ಅಂದರೆ ಶಿಫ್ಟ್ ಗಟ್ಟಿಯಾಗಲೆಂದು ಒಳಗೆ ಬದಲಿಸುವ ಸ್ಪ್ರಿಂಗ್, ವಾಲ್ವ್‌ಗಳಂಥ ಸಾಮಾನು. ಕಾರ್ವೆಟ್ ಸರ್ವೋ ಅಂದರೆ ಎರಡನೇ ಗೇರಿನ ಬ್ಯಾಂಡ್ ಒತ್ತುವ ದೊಡ್ಡ ಪಿಸ್ಟನ್. ಅದೇ ಪ್ರೆಷರಿನಲ್ಲಿ ಜಾಸ್ತಿ ಬಲ ಸಿಗುತ್ತದೆ. ಒಂದು-ಎರಡರ ಶಿಫ್ಟ್ ಗಟ್ಟಿಯಾಗುತ್ತದೆ. ಮೂರನೇ ಗೇರಿಗೆ ಇದರಿಂದ ಏನೂ ಲಾಭವಿಲ್ಲ, ಹಾಗಾಗಿ ಎರಡು-ಮೂರರ ಫ್ಲೇರ್‌ಗೆ ಇದನ್ನು ಔಷಧಿ ಅಂದುಕೊಳ್ಳಬೇಡಿ. ಪ್ಯಾನ್ ಇಳಿಸಿದಾಗ ಶಿಫ್ಟಿನ ಗುದ್ದು ಮೆತ್ತಗೆ ಮಾಡುವ ಅಕ್ಯುಮ್ಯುಲೇಟರ್ ಪಿಸ್ಟನ್ ಒಡೆದಿದೆಯಾ ನೋಡಿ. ಪ್ಲಾಸ್ಟಿಕ್ಕಿನವು ಬಿರುಕು ಬಿಡುತ್ತವೆ. ಕಿಟ್ ಹಾಕಿಸಿದ ಮೇಲೆ ಸಾಫ್ಟ್‌ವೇರಲ್ಲಿ ಪ್ರೆಷರ್ ಮತ್ತೆ ಏರಿಸಬೇಡಿ, ಎರಡೂ ಸೇರಿದರೆ ಅತಿಯಾಗುತ್ತದೆ.

ಹಳೆ ಗೇರ್‌ಬಾಕ್ಸಿನ ಆಯಿಲ್ ಬದಲಿಸಿದ್ರೆ ಸ್ಲಿಪ್ ಶುರುವಾಗುತ್ತೆ ಅಂತಾರೆ. ನಿಜವಾ?

ಹೊಸ ಆಯಿಲ್ ಒಳ್ಳೆಯ ಕ್ಲಚ್ಚನ್ನು ಕೆಡಿಸುವುದಿಲ್ಲ. ಆಗಲೇ ಸ್ಲಿಪ್ ಶುರುವಾದ ಮೇಲೆ ಜನ ಆಯಿಲ್ ಬದಲಿಸುತ್ತಾರೆ, ಎರಡು ವಾರದಲ್ಲಿ ಗೇರ್‌ಬಾಕ್ಸ್ ಸಾಯುತ್ತದೆ, ಬೈಗುಳ ಆಯಿಲ್‌ಗೆ. ಪ್ಯಾನ್ ಇಳಿಸಿ ಫಿಲ್ಟರ್ ಬದಲಿಸಿದರೆ ಸುಮಾರು 4.7 ಲೀಟರ್ ಹೊರಬರುತ್ತದೆ, ಮಿಕ್ಕಿದ್ದು ಕನ್ವರ್ಟರಿನಲ್ಲೇ ಉಳಿಯುತ್ತದೆ. ಡೆಕ್ಸ್‌ರಾನ್ 6 ಆಯಿಲ್ ಹಾಕಿ, ಅದು ಹಳೆ ಡೆಕ್ಸ್‌ರಾನ್ 3 ಇದ್ದ ಕಡೆಯೂ ನಡೆಯುತ್ತದೆ. ಹಳೆ ಫಿಲ್ಟರ್ ಸೀಲ್ ಒಳಗೇ ಸಿಕ್ಕಿಕೊಂಡಿರುತ್ತದೆ. ಅದನ್ನು ತೆಗೆಯದೆ ಹೊಸ ಫಿಲ್ಟರ್ ತುರುಕಿದರೆ ಪಂಪ್ ಗಾಳಿ ಎಳೆದು, ಆಗ ಮಾತ್ರ ‘ಆಯಿಲ್ ಬದಲಿಸಿದ್ದಕ್ಕೆ ಸ್ಲಿಪ್’ ಅನ್ನುವುದು ನಿಜವಾಗಿಬಿಡುತ್ತದೆ.

ಬಾಟಲಿಯಲ್ಲಿ ಬರುವ ‘ಸ್ಲಿಪ್ ನಿಲ್ಲಿಸುವ’ ಔಷಧಿ?

ಗಟ್ಟಿಯಾದ ಸೀಲನ್ನು ಸ್ವಲ್ಪ ಮೆದು ಮಾಡಬಹುದು. ಸುಟ್ಟ ಪ್ಲೇಟಿಗೆ ಏನೂ ಮಾಡದು. ಗಾಡಿ ಮಾರುವ ಮುಂಚೆ ಹಾಕುವವರೇ ಜಾಸ್ತಿ, ಕೊಳ್ಳುವಾಗ ಹುಷಾರು.

ಗಾಡಿ ಮೂರನೇ ಗೇರಲ್ಲೇ ನಿಂತಿದೆ, ಹೊರಡೋಕೇ ಕಷ್ಟ. ಸ್ಲಿಪ್ಪಾ?

ಅಲ್ಲ. ಕರೆಂಟ್ ಹೋಗಿದೆ. ಎರಡೂ ಶಿಫ್ಟ್ ಸಾಲೆನಾಯ್ಡ್ ಆಫ್ ಆದರೆ ಬರುವುದು ಮೂರನೇ ಗೇರ್. ಫ್ಯೂಸ್, ಗೇರ್‌ಬಾಕ್ಸಿನ ದೊಡ್ಡ ಕನೆಕ್ಟರ್, ಎಕ್ಸಾಸ್ಟ್‌ಗೆ ತಾಗಿ ಕರಗಿದ ವೈರ್ ನೋಡಿ. ಫ್ಯೂಸ್ ಹಾಕಿ ಮನೆಗೆ ಹೋದವರು ಎಷ್ಟೋ ಜನ.

ಬೆಂಗಳೂರಿನಲ್ಲಿರುವ ನನ್ನ ಕಾರಿಗೂ ಇದೆಲ್ಲ ಅನ್ವಯಿಸುತ್ತಾ?

ಮೊದಲು ನಿಮ್ಮದು ಯಾವ ಬಗೆಯ ಆಟೋಮ್ಯಾಟಿಕ್ ನೋಡಿ. 2014ರಲ್ಲಿ ಮಾರುತಿ ಸೆಲೆರಿಯೋ ಜೊತೆ ಬಂದ ಎಎಂಟಿ ಅಂದರೆ ಮ್ಯಾನ್ಯುವಲ್ ಗೇರ್‌ಬಾಕ್ಸ್, ಕ್ಲಚ್ ಒತ್ತುವುದು, ಗೇರ್ ಬದಲಿಸುವುದು ಮಾತ್ರ ಯಂತ್ರ. ಅಲ್ಲಿ ಲೈನ್ ಪ್ರೆಷರ್ ಟೇಬಲ್ ಎಂಬುದೇ ಇಲ್ಲ. ಸ್ಲಿಪ್ ಆದರೆ ಕ್ಲಚ್ ಪ್ಲೇಟ್ ನೋಡಿ, ಬದಲಿಸಿ. ಸಿವಿಟಿ ಬಗೆಯದರಲ್ಲಿ ಗೇರಿನ ಬದಲು ಬೆಲ್ಟ್, ಪುಲ್ಲಿ. ಪ್ರೆಷರ್ ಇದೆ, ಆದರೆ ಅದನ್ನು ಮುಟ್ಟುವುದು ಮನೆಯ ಕೆಲಸವಲ್ಲ. ಇನ್ನೋವಾ ಕ್ರಿಸ್ಟಾ, 2022ರ ನಂತರದ ಎರ್ಟಿಗಾ ಮತ್ತು ಬ್ರೆಝಾಗಳ ಆರು ಗೇರಿನ ಆಟೋಮ್ಯಾಟಿಕ್‌ಗಳು ಟಾರ್ಕ್ ಕನ್ವರ್ಟರ್ ಬಗೆಯವು. ಫ್ಲೇರ್, ಆಯಿಲ್ ಪರೀಕ್ಷೆ, ಲಾಕಪ್ ಲೆಕ್ಕ ಇವೆಲ್ಲ ಅಲ್ಲಿಗೂ ಸರಿ. ಆದರೆ ಅನುಪಾತ, ಪ್ರೆಷರ್ ಸಂಖ್ಯೆ, ಆಯಿಲ್ ಎಲ್ಲ ಬೇರೆ. ಡೆಕ್ಸ್‌ರಾನ್ ಅಂತೂ ಸುಮ್ನೆ ಸುರಿಯಬೇಡಿ.

ಕೊನೆಗೂ ಬಿಚ್ಚಲೇಬೇಕು ಅಂದ್ರು. ರೀಬಿಲ್ಡ್ ಮಾಡುವವರನ್ನು ಏನು ಕೇಳಲಿ?

ಮೂರು-ನಾಲ್ಕರ ಕ್ಲಚ್ ಹಾಳಾಗಿದ್ದು ಯಾಕೆ ಎಂದು ಕೇಳಿ. ‘ಹಳೇದಾಗಿತ್ತು’ ಅಂದರೆ ಬೇರೆ ಅಂಗಡಿ ನೋಡಿ. ಬೂಸ್ಟ್ ವಾಲ್ವ್ ತೂತು, ಪಂಪ್, ಲಾಕಪ್ ವಾಲ್ವ್ ತೂತು ಪರೀಕ್ಷಿಸಿದ್ದೀರಾ, ಗಟ್ಟಿ ಮಾಡಿದ ಸನ್ ಶೆಲ್ ಹಾಕುತ್ತೀರಾ ಎಂದು ಕೇಳಿ. ಕನ್ವರ್ಟರ್ ಬದಲಾಗಲೇಬೇಕು. ಒಳಗೆ ಸೇರಿದ ಪುಡಿ ತೊಳೆದು ಹೋಗುವುದಿಲ್ಲ. ಕೂಲರ್ ಪೈಪುಗಳನ್ನು ಫ್ಲಶ್ ಮಾಡಿಸಿ, ಟ್ರೇಲರ್ ಎಳೆಯುವವರಾದರೆ ಇನ್ನೊಂದು ಕೂಲರ್ ಹಾಕಿಸಿ. ಗಾಡಿ ಕೈಗೆ ಬಂದ ದಿನವೇ ಅಡಾಪ್ಟ್ ರೀಸೆಟ್ ಮಾಡಿ, ಹಳೆ ಸುಟ್ಟ ಕ್ಲಚ್ಚಿಗೆ ಕಲಿತ ಪ್ರೆಷರ್ ಹೊಸದಕ್ಕೆ ಬೇಕಿಲ್ಲ. ಗೇಜ್ ಹಾಕಿ ಮೇಲಿನ ಸಂಖ್ಯೆಗಳನ್ನು ಒಮ್ಮೆ ತಾಳೆ ನೋಡಿ ಬರೆದಿಡಿ. ಮುಂದೆ ಅನುಮಾನ ಬಂದರೆ ಹೋಲಿಸಲು ನಿಮ್ಮದೇ ಗಾಡಿಯ ಲೆಕ್ಕ ಇರುತ್ತದೆ.